ಗ್ಲಾಮರ್, ಬಿನ್ನಾಣ, ಬೆಡಗು

ನಮ್ಮ ಸಿನಿಮಾ ವಿಮರ್ಶೆಗಳ ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯ ಎಷ್ಟೋ ವರ್ಷಗಳಿಂದ ಬಾಡಿಗೆ ಕೊಡದೆ ವಾಸವಾಗಿದೆ. ‘ನಾಯಕಿ ಗ್ಲಾಮರ್‌ಗಷ್ಟೇ ಸೀಮಿತ.’ ಛಾಯಾಗ್ರಹಣಕ್ಕೆ ಅರ್ಧ ಸಾಲು, ಸಂಗೀತಕ್ಕೆ ಇನ್ನರ್ಧ, ನಾಯಕಿಗೆ ಈ ಮೂರು ಪದ. ಇದಕ್ಕೊಂದು ತಂಗಿ ವಾಕ್ಯವೂ ಇದೆ: ‘ಗ್ಲಾಮರ್ ಬದಿಗಿಟ್ಟು ಅಭಿನಯಕ್ಕೆ ಒತ್ತು ಕೊಟ್ಟಿದ್ದಾರೆ.’ ಎರಡನ್ನೂ ಒಟ್ಟಿಗೆ ಓದಿದರೆ ಒಂದು ಸಿದ್ಧಾಂತವೇ ಸಿಗುತ್ತದೆ. ಗ್ಲಾಮರ್ ಎನ್ನುವುದು ಮೈಗೆ ಸೇರಿದ್ದು, ಅಭಿನಯ ಬುದ್ಧಿಗೆ ಸೇರಿದ್ದು. ಮೊದಲನೆಯದು ಹುಟ್ಟಿನಿಂದ ಬರುತ್ತದೆ, ಎರಡನೆಯದನ್ನು ಕಲಿಯಬೇಕು. ಮೊದಲನೆಯದು ಇದ್ದಲ್ಲಿ ಎರಡನೆಯದಕ್ಕೆ ಜಾಗವಿಲ್ಲ. ಈ ಸಿದ್ಧಾಂತವನ್ನು ಯಾರೂ ಎಲ್ಲೂ ಮಂಡಿಸಿಲ್ಲ, ಆದ್ದರಿಂದ ಯಾರೂ ಪ್ರಶ್ನಿಸಿಯೂ ಇಲ್ಲ.

ಬೈಯಪ್ಪನಹಳ್ಳಿಯ ನಮ್ಮ ಬೀದಿಯಲ್ಲಿ ಬಿ.ಎ. ಓದುವ ಹುಡುಗಿಯೊಬ್ಬಳು ತನ್ನ ಕಾಲೇಜಿನ ಪತ್ರಿಕೆಗೆಂದು ಬರೆದ ವಿಮರ್ಶೆಯನ್ನು ನನಗೆ ತೋರಿಸಿದಳು. ಚೆನ್ನಾಗಿಯೇ ಬರೆದಿದ್ದಳು, ಕೊನೆಯಲ್ಲಿ ಮಾತ್ರ ಅದೇ ಬಾಡಿಗೆ ಕೊಡದ ವಾಕ್ಯ. ‘ಆಂಟಿ, ನಮ್ಮ ಮೇಷ್ಟ್ರು ಇಂಗ್ಲಿಷ್ ಪದ ಬೇಡ ಅಂದಿದ್ದಾರೆ, ಗ್ಲಾಮರ್‌ಗೆ ಕನ್ನಡದಲ್ಲಿ ಏನಂತ ಹಾಕ್ಲಿ?’ ಎಂದು ಕೇಳಿದಳು. ಆಕರ್ಷಣೆ, ಮೋಹಕತೆ, ಥಳುಕು ಎಂದು ಮೂರ್ನಾಲ್ಕು ಹೇಳಿದೆ. ಯಾವುದೂ ಅವಳಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಆಗಲಿಲ್ಲ. ಪದಕೋಶ ಹಿಡಿದು ಕೂತಾಗ ಕನ್ನಡದಲ್ಲಿ ಇದಕ್ಕೆ ಪದಗಳ ಕೊರತೆ ಇಲ್ಲವೆಂದು ಗೊತ್ತಾಯಿತು. ಇರುವ ಪದಗಳೆಲ್ಲ ಆ ಬಾಡಿಗೆ ಕೊಡದ ವಾಕ್ಯಕ್ಕೆ ವಿರುದ್ಧವಾಗಿಯೇ ಸಾಕ್ಷಿ ಹೇಳುತ್ತವೆ. ಅಷ್ಟೇ ಅಲ್ಲ, ಗ್ಲಾಮರ್ ಕೂಡ ಅದೇ ಸಾಕ್ಷಿಯನ್ನು ಹೇಳುತ್ತದೆ.

ಮೊದಲು ಇಂಗ್ಲಿಷ್ ಪದದ ಕಥೆ. ಗ್ಲಾಮರ್ ಎನ್ನುವುದು ಗ್ರಾಮರ್ ಪದದ ಸ್ಕಾಟ್ಲೆಂಡ್ ಉಚ್ಚಾರ. ಹೌದು, ಶಾಲೆಯಲ್ಲಿ ನಮ್ಮೆಲ್ಲರ ಬೆವರಿಳಿಸಿದ ಅದೇ ಗ್ರಾಮರ್. ಮಧ್ಯಯುಗದ ಯುರೋಪಿನಲ್ಲಿ ಓದು ಎಂದರೆ ಲ್ಯಾಟಿನ್, ಲ್ಯಾಟಿನ್ ಎಂದರೆ ವ್ಯಾಕರಣ. ಆದ್ದರಿಂದ ಗ್ರಾಮರ್ ಎಂದರೆ ಬರೀ ನಾಮಪದ ಕ್ರಿಯಾಪದ ಅಲ್ಲ, ಪುಸ್ತಕದಿಂದ ಬರುವ ವಿದ್ಯೆ ಅಷ್ಟೂ. ಆ ವಿದ್ಯೆ ಊರಿನಲ್ಲಿ ಒಬ್ಬಿಬ್ಬರಿಗೆ ಮಾತ್ರ ಬರುತ್ತಿತ್ತು. ಅಕ್ಷರ ಬಾರದ ಉಳಿದವರ ಕಣ್ಣಿಗೆ ಪುಸ್ತಕ ನೋಡಿ ತುಟಿ ಅಲ್ಲಾಡಿಸುವ ಮನುಷ್ಯ ಏನೋ ಮಾಟ ಮಾಡುತ್ತಿರುವಂತೆಯೇ ಕಂಡಿರಬೇಕು. ಗ್ರಾಮರ್ ಪದಕ್ಕೆ ಮಂತ್ರವಿದ್ಯೆ ಎಂಬ ಇನ್ನೊಂದು ಅರ್ಥ ಹೀಗೆ ಅಂಟಿಕೊಂಡಿತು. ಫ್ರೆಂಚರಲ್ಲೂ ವ್ಯಾಕರಣದ ಪದವೇ ತಿರುಚಿಕೊಂಡು ‘ಗ್ರಿಮ್ವಾರ್’ ಆಯಿತು. ಮಾಟಮಂತ್ರದ ಕೈಪಿಡಿಗೆ ಅದು ಹೆಸರು. ಸ್ಕಾಟರು ರಕಾರವನ್ನು ಲಕಾರ ಮಾಡಿ, ಕಣ್ಣಿಗೆ ಹಾಕುವ ಮಂತ್ರಕ್ಕೆ ಗ್ಲಾಮರ್ ಎಂದರು. ಬರಹದಲ್ಲಿ ಅದು ಕಾಣಿಸಿಕೊಳ್ಳುವುದು 18ನೇ ಶತಮಾನದ ಮೊದಲ ಭಾಗದಲ್ಲಿ, ಆಲನ್ ರ್‍ಯಾಮ್ಸೆ ಎಂಬ ಸ್ಕಾಟಿಷ್ ಕವಿಯ ಕಾಲಕ್ಕೆ. ಇಂಗ್ಲಿಷ್ ಓದುಗರೆಲ್ಲರಿಗೂ ಅದನ್ನು ಪರಿಚಯಿಸಿದವನು ವಾಲ್ಟರ್ ಸ್ಕಾಟ್.

1805ರಲ್ಲಿ ಬಂದ ಸ್ಕಾಟನ ‘ದಿ ಲೇ ಆಫ್ ದಿ ಲಾಸ್ಟ್ ಮಿನ್‌ಸ್ಟ್ರೆಲ್’ ಎಂಬ ಕಥನಕಾವ್ಯದಲ್ಲಿ ಒಬ್ಬ ಕುಳ್ಳ ಪಿಶಾಚಿ ಸೇವಕ ಬರುತ್ತಾನೆ. ಮಂತ್ರವಾದಿಯ ಗ್ರಂಥವೊಂದು ಅವನ ಕೈಗೆ ಸಿಗುತ್ತದೆ, ಅದರಿಂದ ಒಂದೇ ಒಂದು ಮಂತ್ರ ಓದಿಕೊಳ್ಳುತ್ತಾನೆ. ಆ ಮಂತ್ರ ಹಾಕಿದರೆ ಸೆರೆಮನೆಯ ಗೋಡೆಗೆ ಕಟ್ಟಿದ ಜೇಡರಬಲೆ ಅರಮನೆಯ ಗೋಡೆಯ ಚಿತ್ರಪಟದಂತೆ ಕಾಣುತ್ತದೆ, ಮುದುಕ ಯುವಕನಂತೆ ಕಾಣುತ್ತಾನೆ. ವಸ್ತು ಒಂದಿಷ್ಟೂ ಬದಲಾಗುವುದಿಲ್ಲ, ನೋಡುವವರ ಕಣ್ಣಿಗೆ ಮಾತ್ರ ಬೇರೆಯಾಗುತ್ತದೆ. ಸ್ಕಾಟ್ ಗ್ಲಾಮರ್ ಎಂದದ್ದು ಇದಕ್ಕೆ. ಕನ್ನಡದಲ್ಲಿ ಇದಕ್ಕೆ ಒಂದು ಕೂದಲೆಳೆಯೂ ಆಚೀಚೆಯಾಗದ ಪದ ಇದೆ: ಕಣ್ಕಟ್ಟು. ಸಂತೆಯಲ್ಲಿ ಗಾರುಡಿಗ ಬುಟ್ಟಿ ಮುಚ್ಚಿ ತೆರೆದು ಮಾಡುತ್ತಿದ್ದದ್ದು. ಸ್ಕಾಟನ ಕಾವ್ಯವನ್ನು ಕನ್ನಡಿಸುವವರಿದ್ದರೆ ಆ ಜಾಗದಲ್ಲಿ ಬೇರೆ ಪದ ಹುಡುಕಬೇಕಾಗಿಲ್ಲ.

ಆಮೇಲಿನ ಕಥೆ ಚಿಕ್ಕದು. 19ನೇ ಶತಮಾನದಲ್ಲಿ ಮಂತ್ರ ಸವೆದು ಮೋಹ ಉಳಿಯಿತು. 1930ರ ದಶಕದ ಹಾಲಿವುಡ್ ಆ ಮೋಹವನ್ನು ಕಾರ್ಖಾನೆಯಲ್ಲಿ ತಯಾರಿಸಲು ಕಲಿತುಕೊಂಡಿತು. ಜಾರ್ಜ್ ಹರೆಲ್‌ನಂಥ ಛಾಯಾಗ್ರಾಹಕರು ತಾರೆಯರ ಮುಖದ ಮೇಲೆ ಬೆಳಕನ್ನು ಹೇಗೆ ಬೀಳಿಸಬೇಕೆಂದು ಗಂಟೆಗಟ್ಟಲೆ ಲೆಕ್ಕ ಹಾಕುತ್ತಿದ್ದರು. ಆಮೇಲೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಮಚ್ಚೆ, ಸುಕ್ಕುಗಳನ್ನು ಅಳಿಸಲಾಗುತ್ತಿತ್ತು. ಹೆಸರು ಹೊಸದು, ವಿದ್ಯೆ ಅದೇ ಕಣ್ಕಟ್ಟಿನದು. 1939ರಲ್ಲಿ ಅಮೆರಿಕದಲ್ಲಿ ಇದೇ ಹೆಸರಿನ ಪತ್ರಿಕೆ ಶುರುವಾಯಿತು. ಬ್ರಿಟನ್ನಿನ ಪತ್ರಿಕೆಗಳು ಇನ್ನೂ ಮುಂದೆ ಹೋಗಿ ಅರೆನಗ್ನ ಚಿತ್ರಗಳಿಗೆ ಈ ಪದವನ್ನು ಮರೆಮಾತಾಗಿ ಬಳಸಿದವು. ನಮ್ಮ ಸಿನಿಮಾ ಪುಟಗಳಲ್ಲಿ ನಡೆಯುವುದು ಹೆಚ್ಚಾಗಿ ಈ ಕೊನೆಯ ಅರ್ಥ. ಪದದ ಮುನ್ನೂರು ವರ್ಷಗಳ ಬಾಳಿನಲ್ಲಿ ಎಲ್ಲಕ್ಕಿಂತ ತೆಳುವಾದದ್ದನ್ನೇ ಆರಿಸಿಕೊಂಡಿದ್ದೇವೆ.

ಕನ್ನಡದ ಕಡೆ ಬರೋಣ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ ಪದ ಬಿನ್ನಾಣ. ಹಳಗನ್ನಡದ ತರಗತಿಯಲ್ಲಿ ತತ್ಸಮ-ತದ್ಭವದ ಪಟ್ಟಿ ಬಾಯಿಪಾಠ ಮಾಡಿದವರಿಗೆ ಸಂಜ್ಞೆ ಸನ್ನೆಯಾದದ್ದು, ಯಜ್ಞ ಜನ್ನವಾದದ್ದು, ವಿಜ್ಞಾಪನೆ ಬಿನ್ನಹವಾದದ್ದು ನೆನಪಿರುತ್ತದೆ. ಅದೇ ದಾರಿಯಲ್ಲಿ ವಿಜ್ಞಾನ ಬಿನ್ನಣವಾಯಿತು, ಬಿನ್ನಣ ಎಳೆದುಕೊಂಡು ಬಿನ್ನಾಣವಾಯಿತು. ಹಳಗನ್ನಡದಲ್ಲಿ ಬಿನ್ನಣ ಎಂದರೆ ನೈಪುಣ್ಯ, ಕೈಚಳಕ, ಬಲ್ಲವನ ಜಾಣ್ಮೆ. ಬಿನ್ನಣಿ ಎಂದರೆ ಕುಶಲಿ. ಬಲ್ಲವನು ಮಾಡಿದ ಕೆಲಸ ಸೊಗಸಾಗಿರುತ್ತದೆ, ಆದ್ದರಿಂದ ಬಿನ್ನಣಕ್ಕೆ ಸೊಗಸು ಎಂಬ ಅರ್ಥ ಬಂತು. ಸೊಗಸು ನೋಡುವವರನ್ನು ಮರುಳು ಮಾಡುತ್ತದೆ, ಆದ್ದರಿಂದ ವಯ್ಯಾರ ಎಂದಾಯಿತು. ವಯ್ಯಾರವನ್ನು ನಂಬಬಾರದು ಎಂದು ಹಿರಿಯರು ಹೇಳುತ್ತಾರೆ, ಆದ್ದರಿಂದ ಕೊನೆಗೆ ಕಪಟ ಎಂದೂ ಆಯಿತು. ಓದು, ಮಂತ್ರ, ಮೋಹ, ಮೋಸ ಎಂದು ಗ್ಲಾಮರ್ ನಡೆದ ದಾರಿಯೂ ಹೆಚ್ಚುಕಡಿಮೆ ಇದೇ. ಒಬ್ಬರನ್ನೊಬ್ಬರು ಕಂಡರಿಯದ ಎರಡು ಭಾಷೆಗಳು, ಎರಡೂ ಅರಿವಿನಿಂದ ಹೊರಟು ಹೆಣ್ಣಿನ ನಡಿಗೆಯ ಹತ್ತಿರ ಬಂದು ನಿಂತಿವೆ.

ಇಲ್ಲಿ ಒಂದು ಸಣ್ಣ ಅನ್ಯಾಯವೂ ನಡೆದಿದೆ. ವಿಜ್ಞಾನ ಎಂಬ ತತ್ಸಮವನ್ನು ನಾವು ಬೇರೆ ಕೆಲಸಕ್ಕೆಂದು ಹಾಗೇ ತೆಗೆದಿಟ್ಟುಕೊಂಡೆವು. ಬೆಂಗಳೂರಿನಲ್ಲಿ ಅದಕ್ಕೆ 1909ರಿಂದ ಮರಗಿಡಗಳ ನಡುವೆ ದೊಡ್ಡ ಸಂಸ್ಥೆಯೇ ಇದೆ. ತದ್ಭವ ಬಿನ್ನಾಣ ಮಾತ್ರ ಬೀದಿಗೆ ಬಂದು, ‘ಬಿನ್ನಾಣಗಿತ್ತಿ’ ಎಂಬ ಬೈಗುಳವಾಗಿ ಉಳಿಯಿತು. ಅದಕ್ಕೆ ಸಮನಾದ ಪುಲ್ಲಿಂಗದ ಬೈಗುಳವನ್ನು ನಾನು ಬೀದಿಯಲ್ಲಿ ಕೇಳಿಲ್ಲ. ಬಲ್ಲ ಗಂಡಸು ವಿಜ್ಞಾನಿ, ಬಲ್ಲ ಹೆಂಗಸು ಬಿನ್ನಾಣಗಿತ್ತಿ. ಈಗ ಆ ವಿಮರ್ಶೆಯ ವಾಕ್ಯವನ್ನು ಹಳಗನ್ನಡದ ಅರ್ಥದಲ್ಲಿ ಬರೆದು ನೋಡಿ: ನಾಯಕಿ ಬಿನ್ನಣಕ್ಕಷ್ಟೇ ಸೀಮಿತ. ಅಂದರೆ ಆಕೆ ತನ್ನ ಕೆಲಸದ ನೈಪುಣ್ಯಕ್ಕಷ್ಟೇ ಸೀಮಿತ! ಇದಕ್ಕಿಂತ ದೊಡ್ಡ ಹೊಗಳಿಕೆ ಯಾವ ನಟಿಗೆ ಬೇಕು?

ಉಳಿದ ಪದಗಳೂ ಇದೇ ಬಳಗದವು. ಮಾಟ ಎನ್ನುವುದು ‘ಮಾಡು’ ಧಾತುವಿನಿಂದ ಬಂದದ್ದು. ಮಾಟವಾದ ಮೂಗು ಎಂದರೆ ಚೆನ್ನಾಗಿ ಮಾಡಿದ, ತಿದ್ದಿದಂಥ ಮೂಗು. ಅದೇ ಮಾಟವನ್ನು ನಿಂಬೆಹಣ್ಣಿನ ಜೊತೆ ಸೇರಿಸಿದರೆ ಜನ ದಾರಿ ಬಿಟ್ಟು ನಡೆಯುತ್ತಾರೆ. ಚೆನ್ನಾಗಿ ಮಾಡಿದ್ದು, ಮಂತ್ರ ಹಾಕಿ ಮಾಡಿಸಿದ್ದು, ಎರಡಕ್ಕೂ ಒಂದೇ ಪದ. ಮೋಡಿಯ ಕಥೆಯಂತೂ ಇನ್ನೂ ತಮಾಷೆ. ಮೋಡಿ ಹಾಕುವುದು ಎಂದರೆ ಮರುಳು ಮಾಡುವುದು. ಇನ್ನೊಂದು ಮೋಡಿ ಹಳೆಯ ಕಡತಗಳದು: ಕೈ ಎತ್ತದೆ ಸರಸರ ಬರೆದುಕೊಂಡು ಹೋಗುವ ಮೋಡಿ ಅಕ್ಷರ. ಲಿಪಿಯ ಹೆಸರನ್ನು ಮರಾಠಿಯ ‘ಮುರಿ’ ಎಂಬ ಅರ್ಥದ ಧಾತುವಿನ ಜೊತೆ ಸೇರಿಸುವುದು ವಾಡಿಕೆ, ಹಾಗಾಗಿ ಎರಡೂ ಮೋಡಿಗಳು ಒಂದೇ ಬೇರಿನವೆಂದು ನಾನು ವಾದಿಸುವುದಿಲ್ಲ. ಆದರೆ ಶಾನುಭೋಗರು ತಮ್ಮ ಅಕ್ಷರದಲ್ಲಿ ಏನೋ ಗೀಚಿ ‘ನಿನ್ನ ಹೊಲ ಇಷ್ಟೇ’ ಎಂದಾಗ, ಎದುರಿಗೆ ಕೈಕಟ್ಟಿ ನಿಂತ ರೈತನಿಗೆ ಎರಡು ಮೋಡಿಗಳ ನಡುವೆ ಏನು ವ್ಯತ್ಯಾಸ ಕಂಡೀತು? ಇಂಗ್ಲಿಷಿನ ‘ಸ್ಪೆಲ್’ ಪದಕ್ಕೂ ಅಕ್ಷರ ಜೋಡಿಸು, ಮಂತ್ರ ಹಾಕು ಎಂಬ ಎರಡೂ ಅರ್ಥಗಳಿವೆ. ಅಕ್ಷರ ಬಲ್ಲವರು ಬಾರದವರ ಮೇಲೆ ನಡೆಸಿದ ದರ್ಬಾರಿನ ನೆನಪನ್ನು ಭಾಷೆಗಳು ಹೀಗೆ ಉಳಿಸಿಕೊಂಡಿರುತ್ತವೆ.

ಇವೆಲ್ಲಕ್ಕಿಂತ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹತ್ತಿರದ್ದು ಬೆಡಗು. ಬೆಡಗಿ ಎಂದರೆ ಚೆಲುವೆ. ಆದರೆ ಬೆಡಗಿನ ವಚನ ಎಂದರೆ ಚೆಲುವಾದ ವಚನ ಅಲ್ಲ. ಮೇಲೆ ಒಂದು ಅರ್ಥ ತೋರಿಸಿ ಒಳಗೆ ಇನ್ನೊಂದನ್ನು ಬಚ್ಚಿಟ್ಟುಕೊಂಡ ಒಗಟಿನಂಥ ವಚನ. ಅಲ್ಲಮನ ಬೆಡಗಿನ ವಚನಗಳ ಮುಂದೆ ಕೂತವರಿಗೆ ಗೊತ್ತು, ಅವು ಒಂದೇ ಓದಿಗೆ ಬಾಗಿಲು ತೆರೆಯುವುದಿಲ್ಲ, ಹಾಗೆಂದು ನಮ್ಮನ್ನು ಬಿಟ್ಟು ಹೋಗಲೂ ಬಿಡುವುದಿಲ್ಲ. ಆ ಸ್ಥಿತಿಗೆ ನಮ್ಮ ಹಿಂದಿನವರು ಬೆಡಗು ಎಂಬ ಹೆಸರು ಕೊಟ್ಟರು. ಅಂದರೆ ಸೆಳೆತ ಇರುವುದು ಮುಚ್ಚುವಿಕೆಯಲ್ಲಿ, ಮುಚ್ಚಿದ್ದರ ಗುಟ್ಟು ತನಗೆ ಗೊತ್ತೆನ್ನುವ ನಿಲುವಿನಲ್ಲಿ. ಕ್ಯಾಮೆರಾ ಎಲ್ಲವನ್ನೂ ತೋರಿಸಿ ಮುಗಿಸಿದ ಹಾಡಿನ ದೃಶ್ಯಕ್ಕೆ ನಾವು ಗ್ಲಾಮರ್ ಎನ್ನುತ್ತೇವಲ್ಲ, ಅಲ್ಲಿ ಇಲ್ಲದಿರುವುದು ಇದೊಂದೇ.

ಕಾವ್ಯಮೀಮಾಂಸೆ ಓದಿದವರು ಇಲ್ಲಿ ಆನಂದವರ್ಧನನ ಹೆಸರು ಎತ್ತಿಯಾರು. ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಕೂತು ‘ಧ್ವನ್ಯಾಲೋಕ’ ಬರೆದ ಆತ, ಕಾವ್ಯದಲ್ಲಿ ಮಾತಿನ ಆಚೆಗೆ ಹೊಳೆಯುವ ಅರ್ಥವನ್ನು ಹೆಣ್ಣಿನ ಲಾವಣ್ಯಕ್ಕೆ ಹೋಲಿಸಿದ. ಅವಯವಗಳನ್ನು ಒಂದೊಂದಾಗಿ ಎಣಿಸಿದರೆ ಅದು ಸಿಗುವುದಿಲ್ಲ, ಅವಯವಗಳಿಲ್ಲದೆಯೂ ಅದು ಇಲ್ಲ. ಲಾವಣ್ಯ ಹುಟ್ಟಿದ್ದು ಲವಣದಿಂದ. ಸಾರಿನಲ್ಲಿ ಉಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ, ಇಲ್ಲದಿದ್ದರೆ ಮಾತ್ರ ಮೊದಲ ತುತ್ತಿಗೇ ತಿಳಿಯುತ್ತದೆ. ಒಳ್ಳೆಯ ಮಾತು ಇದು. ಆದರೂ ನನ್ನ ತಕರಾರೊಂದಿದೆ. ಲಾವಣ್ಯ ತಾನಾಗಿ ಇರುವಂಥದ್ದು, ಅದರಲ್ಲಿ ಬೆವರಿನ ಸುಳಿವಿಲ್ಲ. ಉಪ್ಪು ಹಾಕಿದವರು ಯಾರೆಂದು ಆ ಹೋಲಿಕೆ ಕೇಳುವುದಿಲ್ಲ. ಬಿನ್ನಾಣ, ಮಾಟ, ಬೆಡಗುಗಳಲ್ಲಿ ಮಾಡಿದವರ ಕೈ ಕಾಣುತ್ತದೆ. ಗ್ಲಾಮರ್‌ಗೆ ಜೋಡಿಯಾಗಬೇಕಾದವು ಈ ಪದಗಳು.

ಮಾಡಿದವರ ಕೈ ಎಂದೆ. ನಮ್ಮ ಬಡಾವಣೆಯಲ್ಲಿ ಮೊದಲ ಮಹಡಿಯ ಎರಡು ಕೋಣೆಗಳಲ್ಲಿ ನಡೆಯುವ ಒಂದು ಬ್ಯೂಟಿ ಪಾರ್ಲರ್ ಇದೆ, ಅದರ ಬೋರ್ಡಿನಲ್ಲೂ ಈ ಪದ ಇದೆ. ಅದನ್ನು ನಡೆಸುವಾಕೆ ಮದುವೆ ಹೆಣ್ಣಿನ ಮೇಕಪ್‌ಗೆ ಬೆಳಗಿನ ಜಾವ ಮೂರಕ್ಕೇ ಪೆಟ್ಟಿಗೆ ಹಿಡಿದು ಹೊರಡುತ್ತಾರೆ. ಛತ್ರದ ಟ್ಯೂಬ್‌ಲೈಟ್ ಯಾವ ಬಣ್ಣದ್ದು ಎಂದು ಮುಂಚೆಯೇ ಫೋನ್ ಮಾಡಿ ಕೇಳುತ್ತಾರೆ. ಮುಖದ ಬಣ್ಣವೂ ಕತ್ತಿನ ಬಣ್ಣವೂ ಬೇರೆ ಬೇರೆ ಕಂಡರೆ ಅಲ್ಲಿಗೆ ಕೆಲಸ ಕೆಟ್ಟ ಹಾಗೆ ಎಂದು ಅವರು ಒಮ್ಮೆ ವಿವರಿಸಿದ್ದರು. ‘ಮೂರು ಗಂಟೆ ಮಾಡಿರ್ತೀವಿ ಅಕ್ಕಾ, ಮಾಡೇ ಇಲ್ವೇನೋ ಅನ್ನೋ ಥರ ಕಾಣ್ಬೇಕು.’ ವಾಲ್ಟರ್ ಸ್ಕಾಟ್ ಓದದ ಈಕೆಗೆ ಸ್ಕಾಟನ ಅರ್ಥದ ಗ್ಲಾಮರ್ ಪಕ್ಕಾ ಗೊತ್ತು. ನನಗೆ ಗೊತ್ತಿರುವ ಯಾವ ವಿಮರ್ಶಕರೂ ಈ ಪದವನ್ನು ಇಷ್ಟು ಖಚಿತವಾಗಿ ವಿವರಿಸಿಲ್ಲ.

ಇದೇ ಬೀದಿಯ ಗಂಡಸರ ಬಾಯಲ್ಲಿ ಗ್ಲಾಮರ್ ಎಂದರೆ ಹೆಚ್ಚಾಗಿ ಬೈಕು. ಹೀರೋ ಹೋಂಡಾ ಕಂಪನಿ 2005ರಲ್ಲಿ ಆ ಹೆಸರಿನ 125 ಸಿಸಿ ಬೈಕು ತಂದಿತು. ‘ಗ್ಲಾಮರ್ ಸರ್ವಿಸ್‌ಗೆ ಬಿಟ್ಟಿದ್ದೀನಿ, ಸಂಜೆ ತಗೋಬೇಕು’ ಎನ್ನುವವರಿಗೆ ಪದದ ಮೋಹ ಎಂದೋ ಇಳಿದಿರುತ್ತದೆ. ಅದೀಗ ಆಯಿಲ್ ಬದಲಾಯಿಸಬೇಕಾದ ವಸ್ತು. ಈ ಬಳಕೆ ನನಗೆ ಬಹಳ ಇಷ್ಟ. ಅದನ್ನು ಕನ್ನಡಿಸುವ ಅಗತ್ಯವೂ ಇಲ್ಲ.

ಬೈಯಪ್ಪನಹಳ್ಳಿಯಲ್ಲಿ ನಿಂತು ಈ ಪದದ ಬಗ್ಗೆ ಯೋಚಿಸುವುದರಲ್ಲಿ ಇನ್ನೊಂದು ಅನುಕೂಲವಿದೆ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಮೊದಲು ಓಡಿದ್ದು ಇಲ್ಲಿಂದ ಎಂ.ಜಿ. ರಸ್ತೆಗೆ. ಆರು ನಿಲ್ದಾಣ, ಏಳು ಕಿಲೋಮೀಟರಿಗೂ ಕಡಿಮೆ ದೂರ. ಒಂದು ತುದಿಯಲ್ಲಿ ರೈಲ್ವೆ ಹಳಿ, ಡಿಪೊ, ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಜಮೀನು. ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಹಲವು ತಲೆಮಾರುಗಳು ಗ್ಲಾಮರ್ ಎಂದರೆ ಇದೇ ಎಂದುಕೊಂಡಿದ್ದ ಕಂಟೋನ್ಮೆಂಟ್, ಹಳೆಯ ಪ್ಲಾಜಾ ಚಿತ್ರಮಂದಿರವಿದ್ದ ರಸ್ತೆ. ಪೇಟೆಯ ಕಡೆಯವರು, ಹಳ್ಳಿಯಿಂದ ಬಂದವರು ದಂಡಿನ ಪ್ರದೇಶಕ್ಕೆ ಹೋಗುವಾಗ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು ಎಂದು ನಮ್ಮ ಮನೆಯ ಹಿರಿಯರೇ ಹೇಳುತ್ತಿದ್ದರು. ಬಟ್ಟೆಗಿಂತ ಹೆಚ್ಚಾಗಿ ಅವರನ್ನು ಹೆದರಿಸುತ್ತಿದ್ದದ್ದು ಭಾಷೆ. ಅಂಗಡಿಯವನು ಇಂಗ್ಲಿಷಿನಲ್ಲಿ ಕೇಳಿಬಿಟ್ಟರೆ?

ಗ್ರಾಮರ್ ಗ್ಲಾಮರ್ ಆದ ಸ್ಕಾಟ್ಲೆಂಡಿನ ಕಥೆ ಹೀಗೆ ಬೆಂಗಳೂರಿನಲ್ಲಿ ಇನ್ನೊಮ್ಮೆ ನಡೆದಿದೆ, ಈಗಲೂ ನಡೆಯುತ್ತಿದೆ. ರೆನ್ ಅಂಡ್ ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣ ಪುಸ್ತಕವನ್ನು ನಮ್ಮ ತಲೆಮಾರಿನವರು ಓದಿದ್ದು ವ್ಯಾಕರಣದ ಪ್ರೀತಿಯಿಂದ ಅಲ್ಲ. ಆ ಪುಸ್ತಕದ ಆಚೆ ಬದಿಯಲ್ಲಿ ಕೆಲಸ, ಹವಾನಿಯಂತ್ರಿತ ಆಫೀಸು, ಎಂ.ಜಿ. ರಸ್ತೆಯ ಅಂಗಡಿಗೆ ಹೆದರದೆ ಹೋಗುವ ಧೈರ್ಯ ಎಲ್ಲ ಇದ್ದವು. ಇಂದು ಹಳೇ ಮದ್ರಾಸು ರಸ್ತೆಯ ಉದ್ದಕ್ಕೂ ಕಾಣುವ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳು ಕಲಿಸುವುದಾಗಿ ಹೇಳುವುದು ವ್ಯಾಕರಣ, ಮಾರುವುದು ಗ್ಲಾಮರ್. ಕಾಲೇಜಿನಲ್ಲಿ ಎರಡು ವಾಕ್ಯ ಸರಾಗವಾಗಿ ಇಂಗ್ಲಿಷಿನಲ್ಲಿ ಆಡಿದ ಹುಡುಗನ ಸುತ್ತ ಏಳುವ ಪ್ರಭೆಯನ್ನು ನೋಡಿದವರಿಗೆ ಇದು ಹೊಸ ಸುದ್ದಿ ಅಲ್ಲ. ಅವನು ಆಡಿದ್ದು ಏನು ಎಂದು ಯಾರೂ ಕೇಳಿಸಿಕೊಂಡಿರುವುದಿಲ್ಲ. ಜೇಡರಬಲೆ ಚಿತ್ರಪಟವಾಗಿ ಕಂಡಿರುತ್ತದೆ. ಗ್ಲಾಮರ್ ಎಂಬ ಪದವನ್ನು ಕನ್ನಡದಲ್ಲಿ ಉಳಿಸಿಕೊಂಡದ್ದಕ್ಕೂ ಇದೇ ಕಾರಣ ಎಂದು ನನ್ನ ಗುಮಾನಿ. ಬೆಡಗು ಎಂದರೆ ಜಾನಪದ ಗೀತೆ ನೆನಪಾಗುತ್ತದೆ, ಗ್ಲಾಮರ್ ಎಂದರೆ ಆ ಪದವೇ ಲಿಪ್‌ಸ್ಟಿಕ್ ಹಚ್ಚಿಕೊಂಡು ಬರುತ್ತದೆ.

ಬ್ರಿಟಿಷ್ ವಿಮರ್ಶಕ ಜಾನ್ ಬರ್ಜರ್ 1972ರ ‘ವೇಸ್ ಆಫ್ ಸೀಯಿಂಗ್’ ಪುಸ್ತಕದಲ್ಲಿ ಗ್ಲಾಮರನ್ನು ಅಸೂಯೆಯ ಜೊತೆ ಜೋಡಿಸಿದ್ದಾನೆ. ಅವನ ಪ್ರಕಾರ ಬೇರೆಯವರು ನನ್ನನ್ನು ಕಂಡು ಕರುಬುತ್ತಾರೆ ಎಂಬುದರಲ್ಲೇ ಗ್ಲಾಮರ್ ಇದೆ. ಜಾಹೀರಾತು ನಮಗೆ ಮಾರುವುದು ವಸ್ತುವನ್ನಲ್ಲ, ಆ ವಸ್ತುವನ್ನು ಕೊಂಡ ಮೇಲೆ ಇತರರು ಕರುಬುವಂತಾಗುವ ನಮ್ಮದೇ ಚಿತ್ರವನ್ನು. ಫ್ಲ್ಯಾಟು, ಚಿನ್ನದಂಗಡಿಗಳ ಜಾಹೀರಾತು ನೋಡಿದಾಗ ಬರ್ಜರ್ ಹೇಳಿದ್ದು ಸರಿ ಅನ್ನಿಸುತ್ತದೆ. ಆ ನಗುವ ಗಂಡಹೆಂಡತಿ ನಮ್ಮ ಕಡೆ ನೋಡುವುದೇ ಇಲ್ಲ. ಆದರೆ ಬರ್ಜರ್ ನೋಡಿದ್ದು ಕೊಳ್ಳುವವರನ್ನು. ಬೆಳಗಿನ ಮೆಟ್ರೊದಲ್ಲಿ ಕನ್ನಡಿ ಇಲ್ಲದೆ, ಜನರ ಒತ್ತಡದ ನಡುವೆ, ಕಾಡಿಗೆಯ ಗೆರೆ ಒಂದು ಚೂರೂ ಆಚೀಚೆ ಹೋಗದಂತೆ ಎಳೆದುಕೊಳ್ಳುವ ಹುಡುಗಿಯನ್ನು ಅವನ ಸಿದ್ಧಾಂತ ಪೂರ್ತಿ ವಿವರಿಸಲಾರದು. ಅವಳಿಗೆ ಯಾರು ಕರುಬಬೇಕಾಗಿದೆ? ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣ ಬರುವುದರೊಳಗೆ ಗೆರೆ ನೇರ ಬಂತಲ್ಲ ಎಂಬ ಸಮಾಧಾನವೇ ಅವಳ ಮುಖದಲ್ಲಿರುತ್ತದೆ. ಅದು ಬಿನ್ನಣಿಯ ಸಮಾಧಾನ.

ಸಿನಿಮಾಕ್ಕೆ ಮರಳುತ್ತೇನೆ, ಏಕೆಂದರೆ ನಷ್ಟ ಆಗಿರುವುದು ಅಲ್ಲಿ. ಜಯಂತಿಯವರನ್ನು ನೆನೆಯಿರಿ. 1965ರ ‘ಮಿಸ್ ಲೀಲಾವತಿ’ ಎಂದ ಕೂಡಲೇ ಈಜುಡುಗೆಯ, ಹೊಸಕಾಲದ ಹುಡುಗಿಯ ಮಾತು ಬರುತ್ತದೆ. ಆಮೇಲೆ ‘ಅಭಿನಯ ಶಾರದೆ’ ಎಂಬ ಬಿರುದಿನ ಮಾತು. ಒಬ್ಬಳೇ ನಟಿಯನ್ನು ನಮ್ಮ ನೆನಪು ಎರಡು ಡ್ರಾಯರುಗಳಲ್ಲಿ ಇಟ್ಟುಕೊಂಡಿದೆ. 1973ರಲ್ಲಿ ಪುಟ್ಟಣ್ಣ ಕಣಗಾಲ್ ಭಾರತೀಸುತರ ಕಾದಂಬರಿಯನ್ನು ಆಧರಿಸಿ ‘ಎಡಕಲ್ಲು ಗುಡ್ಡದ ಮೇಲೆ’ ಮಾಡಿದಾಗ ಜಯಂತಿ ಮಾಧವಿಯಾದರು. ದಾಂಪತ್ಯದಲ್ಲಿ ದೇಹಕ್ಕೆ ಸಿಗದದ್ದನ್ನು ಬೇರೆಡೆ ಅರಸುವ ಹೆಂಗಸಿನ ಪಾತ್ರ ಅದು. ಆ ಪಾತ್ರದಿಂದ ಸೆಳೆತವನ್ನು ತೆಗೆದು ಅಭಿನಯವನ್ನು ಮಾತ್ರ ಉಳಿಸಿಕೊಳ್ಳಲು ಸಾಧ್ಯವೇ? ಮಾಧವಿಯ ಸೆಳೆತವೇ ಕಥೆ. ತನಗೆ ಆ ಸೆಳೆತ ಇದೆಯೆಂದು ಅವಳಿಗೆ ಗೊತ್ತಿರುವುದೂ, ಅದು ಎಲ್ಲಿಗೆ ಕರೆದೊಯ್ಯುತ್ತದೆಂದು ಗೊತ್ತಿಲ್ಲದಿರುವುದೂ ಸೇರಿಯೇ ಅಭಿನಯ. ‘ಗ್ಲಾಮರ್ ಬದಿಗಿಟ್ಟು’ ಎಂಬ ವಾಕ್ಯ ಇಲ್ಲಿ ಸತ್ತೇ ಹೋಗುತ್ತದೆ.

ಅದಕ್ಕೆ ಎರಡು ವರ್ಷ ಮೊದಲು, 1971ರಲ್ಲಿ, ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’ದ ಕಲ್ಪನಾ ಇನ್ನೂ ಗಟ್ಟಿ ಉದಾಹರಣೆ. ಮಿನುಗುತಾರೆ ಎಂದು ಕರೆಸಿಕೊಂಡ ಈ ನಟಿಯ ಸೀರೆ, ಕೇಶಾಲಂಕಾರ, ಬಳೆಗಳನ್ನು ಆ ಕಾಲದ ಹೆಂಗಸರು ಅನುಕರಿಸುತ್ತಿದ್ದರು. ಚಿತ್ರದ ಮೊದಲ ಭಾಗದ ಕಾವೇರಿ ಮನೆಯವರೆಲ್ಲರ ಕಣ್ಮಣಿ. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮರಳಿದ ಕಾವೇರಿಗೂ ಅದೇ ಮುಖ, ಅದೇ ನಗು. ಬದಲಾಗಿರುವುದು ನೋಡುವವರ ಕಣ್ಣು. ಮೊದಲು ಚೆಲುವಾಗಿ ಕಂಡ ನಗೆ ಈಗ ಹುಚ್ಚಿನ ಲಕ್ಷಣವಾಗಿ ಕಾಣುತ್ತದೆ. ಪುಟ್ಟಣ್ಣ ಕಲ್ಪನಾ ಅವರ ತಾರಾಮೋಹವನ್ನು ಬದಿಗಿಡಲಿಲ್ಲ, ಅದನ್ನೇ ಬಂಡವಾಳ ಮಾಡಿಕೊಂಡರು. ಪ್ರೇಕ್ಷಕರು ಒಂದು ಗಂಟೆ ಮೋಹದಿಂದ ನೋಡಿದ ಮುಖವನ್ನೇ, ಅದರ ಸುತ್ತಲಿನ ಕಣ್ಣುಗಳನ್ನು ಮಾತ್ರ ಬದಲಿಸಿ, ಮತ್ತೆ ತೋರಿಸಿದರು. ಗ್ಲಾಮರ್ ವಸ್ತುವಿನಲ್ಲಿಲ್ಲ, ನೋಟದಲ್ಲಿದೆ ಎಂಬ ಸ್ಕಾಟನ ಮಾತಿಗೆ ಕನ್ನಡದಲ್ಲಿ ಇದಕ್ಕಿಂತ ಕ್ರೂರವಾದ ವ್ಯಾಖ್ಯಾನ ನಾನು ಕಂಡಿಲ್ಲ. ತಾರೆಯ ಹೊಳಪಿಲ್ಲದ ನಟಿಯೊಬ್ಬರು ಮಾಡಿದ್ದರೆ ‘ಶರಪಂಜರ’ ಒಳ್ಳೆಯ ಚಿತ್ರವಾಗುತ್ತಿತ್ತೇನೋ, ನಮ್ಮನ್ನೂ ಆ ಮನೆಯವರ ಜೊತೆ ಆರೋಪಿಗಳ ಸಾಲಿನಲ್ಲಿ ನಿಲ್ಲಿಸುತ್ತಿರಲಿಲ್ಲ.

ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಇನ್ನೊಂದು ಪದ ಬಂದಿದೆ: ‘ಡಿ-ಗ್ಲಾಮ್’. ನಟಿ ಹಳ್ಳಿಯವಳೋ, ಕೂಲಿ ಕೆಲಸದವಳೋ ಆಗಿ ನಟಿಸಿದರೆ ಸಂದರ್ಶನದ ಶೀರ್ಷಿಕೆಯಲ್ಲೇ ಅದು ಇರುತ್ತದೆ, ‘ಡಿ-ಗ್ಲಾಮ್ ಪಾತ್ರದಲ್ಲಿ’ ಎಂದು. ಹೊಗಳಿಕೆಯ ಧಾಟಿ, ಏನೋ ತ್ಯಾಗ ಮಾಡಿದ್ದಾರೆ ಎಂಬಂತೆ. ಆ ತ್ಯಾಗದ ಫೋಟೊ ನೋಡಿದರೆ ಬೆಳ್ಳಗಿನ ನಟಿಯ ಮುಖಕ್ಕೆ ಕಂದು ಬಣ್ಣ ಬಳಿದಿರುತ್ತದೆ, ಕೂದಲು ಕೆದರಿಸಿರುತ್ತದೆ, ಸೀರೆಯನ್ನು ಬೇಕೆಂದೇ ಮಾಸಿಸಿರುತ್ತದೆ. ಅಂದರೆ ಕಪ್ಪು ಮೈ, ಮಾಸಿದ ಸೀರೆ ಇದ್ದಲ್ಲಿ ಗ್ಲಾಮರ್ ಇಲ್ಲ ಎಂಬುದು ಮೊದಲೇ ತೀರ್ಮಾನವಾಗಿದೆ, ಆ ತೀರ್ಮಾನವನ್ನು ಪದದೊಳಗೇ ಹೊಲಿದಿಟ್ಟಿದೆ. ಬೆಳಿಗ್ಗೆ ಏಳರ ಹೊತ್ತಿಗೆ ಬೈಯಪ್ಪನಹಳ್ಳಿ ನಿಲ್ದಾಣದಿಂದ ವೈಟ್‌ಫೀಲ್ಡ್ ಕಡೆಯ ಗಾಡಿ ಹತ್ತುವ ಹೌಸ್‌ಕೀಪಿಂಗ್ ಕೆಲಸದ ಹೆಂಗಸರನ್ನು ನೋಡಿದವರು ಇದನ್ನು ಒಪ್ಪಲಾರರು. ಸಮವಸ್ತ್ರದ ಕೋಟಿನ ಕೆಳಗೆ ಕಾಣುವ ಸೀರೆಯ ಅಂಚಿಗೆ ಹೊಂದುವ ಬಳೆ, ಎಣ್ಣೆ ಹಚ್ಚಿ ಒತ್ತಿ ಬಾಚಿದ ಜಡೆ, ಜಡೆಯಲ್ಲಿ ಒಂದು ಗೇಣು ಮಲ್ಲಿಗೆ. ಕೆಲಸದ ಜಾಗದಲ್ಲಿ ಅವರ ಕಡೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಗೊತ್ತಿದ್ದೂ ಅಷ್ಟು ಮಾಡಿಕೊಂಡಿರುತ್ತಾರೆ. ಅವರನ್ನು ತೆರೆಯ ಮೇಲೆ ತರುವಾಗ ನಾವು ಮೊದಲು ತೆಗೆದುಹಾಕುವುದು ಆ ಮಲ್ಲಿಗೆಯನ್ನು.

ಕಂದು ಬಣ್ಣ ಬಳಿಯುವುದಕ್ಕೂ ಹೊಳಪು ಬಳಿಯುವುದಕ್ಕೂ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ, ಬೇಕಾದ ವಿದ್ಯೆಯೂ ಒಂದೇ. ಎರಡೂ ಕಣ್ಕಟ್ಟು. ಹಾಗಿರುವಾಗ ಒಂದಕ್ಕೆ ಗ್ಲಾಮರ್ ಎಂದು ಮೂಗು ಮುರಿದು, ಇನ್ನೊಂದನ್ನು ಅಭಿನಯ ಎಂದು ಹೊಗಳುವ ವಿಮರ್ಶೆ ನೋಡಬೇಕಾದ್ದನ್ನೇ ನೋಡುತ್ತಿಲ್ಲ. ಆ ಮುಖವನ್ನು ಹಾಗೆ ಕಾಣಿಸಿದ ಬೆಳಕು ಯಾರದು, ಬಟ್ಟೆ ಯಾರು ಆರಿಸಿದರು, ನಟಿ ಆ ಸೆಳೆತವನ್ನು ಯಾವ ದೃಶ್ಯದಲ್ಲಿ ಬಿಚ್ಚಿದಳು, ಯಾವುದರಲ್ಲಿ ತಡೆಹಿಡಿದಳು ಎಂದು ಬರೆಯಲು ಅದೇ ಕೊನೆಯ ಪ್ಯಾರಾ ಸಾಕು. ಪ್ರಸಾಧನ ಕಲಾವಿದರ ಹೆಸರು ಟೈಟಲ್ ಕಾರ್ಡಿನಲ್ಲಿ ಹಾದುಹೋಗುವುದು ಎರಡು ಸೆಕೆಂಡಿನಲ್ಲಿ, ಅದೂ ನಾಲ್ಕಾರು ಹೆಸರುಗಳ ಗುಂಪಿನಲ್ಲಿ. ಈಚೆಗೆ ನಾನು ಚಿತ್ರಮಂದಿರದ ಕತ್ತಲಲ್ಲಿ ಫೋನಿನ ಬೆಳಕು ಕೈಯಿಂದ ಮರೆಮಾಡಿಕೊಂಡು ಆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಪಕ್ಕದ ಸೀಟಿನವರು ಗೊಣಗುತ್ತಾರೆ.